ಮೈಸೂರಿನ ಅರಸೊತ್ತಿಗೆ ಏಕೆ ಕೊನೆಗೊಂಡಿತು?

ಬೆಂಗಳೂರಿನ ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿಗಳಲ್ಲಿ ನಮ್ಮ ಕರಾವಳಿಯ ಅನೇಕ ಕುಟುಂಬಗಳು ನೆಲೆಸಿವೆ. ರಾಜಾಜಿನಗರ ಎಂಬುದು ಯಾವುದೋ ಅರಸರ ಹೆಸರಿರಬೇಕು ಎಂದುಕೊಳ್ಳುವವರಿದ್ದಾರೆ. ಅದು ಸ್ವತಂತ್ರ ಭಾರತದ ಗವರ್ನರ್ ಜನರಲ್ ಆಗಿದ್ದ ಸಿ. ರಾಜಗೋಪಾಲಾಚಾರಿಯವರ ಹೆಸರು. 1949ರಲ್ಲಿ ಆ ಬಡಾವಣೆಗೆ ಅಡಿಗಲ್ಲು ಬೀಳುವ ಹೊತ್ತಿಗೆ ಮೈಸೂರು ಸಂಸ್ಥಾನದಲ್ಲಿ ಅಧಿಕಾರ ಅರಸರಿಂದ ಜನರ ಕೈಗೆ ಬಂದಾಗಿತ್ತು. ನಮ್ಮ ಜಿಲ್ಲೆ 1956ರವರೆಗೆ ಮದ್ರಾಸಿಗೆ ಸೇರಿದ್ದುದರಿಂದ ಈ ಇತಿಹಾಸ ನಮ್ಮಲ್ಲಿ ಅನೇಕರಿಗೆ ಅಷ್ಟಾಗಿ ತಿಳಿದಿಲ್ಲ.

ಮೈಸೂರು ‘ಮಾದರಿ ಸಂಸ್ಥಾನ’ ಎನಿಸಿಕೊಂಡಿತ್ತು. ಶಿವನಸಮುದ್ರದ ವಿದ್ಯುತ್, ಕನ್ನಂಬಾಡಿ ಕಟ್ಟೆ, ವಿಶ್ವವಿದ್ಯಾನಿಲಯ ಎಲ್ಲವೂ ಅರಸರ ಕಾಲದಲ್ಲೇ ಆದವು. ನಾಲ್ವಡಿ ಕೃಷ್ಣರಾಜ ಒಡೆಯರ ಮೇಲೆ ಜನರಿಗೆ ಅಪಾರ ಗೌರವವಿತ್ತು. ಹಾಗಿದ್ದೂ ಜನ ಬೀದಿಗಿಳಿದದ್ದೇಕೆ?

ಮೊದಲನೆಯ ಕಾರಣ, ಅಧಿಕಾರವಿಲ್ಲದ ಸಭೆಗಳು. 1881ರಲ್ಲೇ ದಿವಾನ್ ರಂಗಾಚಾರ್ಲು ಪ್ರಜಾಪ್ರತಿನಿಧಿ ಸಭೆಯನ್ನು ಆರಂಭಿಸಿದರು. 1907ರಲ್ಲಿ ನ್ಯಾಯವಿಧಾಯಕ ಸಭೆಯೂ ಬಂತು. ಆದರೆ ದಿವಾನರು ಉತ್ತರ ಕೊಡಬೇಕಾದದ್ದು ಮಹಾರಾಜರಿಗೆ, ಸಭೆಗಲ್ಲ. ಜನರಿಗೆ ಮಾತಾಡಲು ಕಲಿಸಿದ ಸರಕಾರ ಅವರ ಮಾತು ನಡೆಸಿಕೊಡಲು ಸಿದ್ಧವಿರಲಿಲ್ಲ.

ಎರಡನೆಯದು, ಬೇಡಿಕೆಗೆ ಗುಂಡಿನ ಉತ್ತರ. 1938ರ ಏಪ್ರಿಲ್ 25ರಂದು ವಿದುರಾಶ್ವತ್ಥದಲ್ಲಿ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿ ಹಲವರು ಸತ್ತರು. 1942ರಲ್ಲಿ ಶಿವಮೊಗ್ಗ ಜಿಲ್ಲೆಯ ಈಸೂರಿನವರು ತಮ್ಮದೇ ಸರಕಾರ ಸಾರಿದರು. ಅಲ್ಲಿನ ಘರ್ಷಣೆಯಲ್ಲಿ ಇಬ್ಬರು ಅಧಿಕಾರಿಗಳು ಸತ್ತರು, 1943ರಲ್ಲಿ ಐವರನ್ನು ಗಲ್ಲಿಗೇರಿಸಲಾಯಿತು. ಯುದ್ಧಕಾಲದ ಬೆಲೆಯೇರಿಕೆಯಿಂದ ಬೆಂಗಳೂರಿನ ಗಿರಣಿ ಕಾರ್ಮಿಕರೂ ಬೇಸತ್ತಿದ್ದರು.

ಮೂರನೆಯದು, ಬೆನ್ನಿಗಿದ್ದ ಬಲ ಹೋದದ್ದು. 1799ರಲ್ಲಿ ಒಡೆಯರನ್ನು ಮತ್ತೆ ಪಟ್ಟಕ್ಕೆ ತಂದವರು ಬ್ರಿಟಿಷರು, 1831ರಲ್ಲಿ ಆಡಳಿತ ಕಿತ್ತುಕೊಂಡು 1881ರಲ್ಲಿ ಹಿಂದಿರುಗಿಸಿದವರೂ ಅವರೇ. 1947ರ ಆಗಸ್ಟ್ 15ಕ್ಕೆ ಆ ಆಸರೆ ಇಲ್ಲವಾಯಿತು.

ಜಯಚಾಮರಾಜ ಒಡೆಯರು ಆಗಸ್ಟ್ 9ರಂದೇ ಭಾರತಕ್ಕೆ ಸೇರುವ ಒಪ್ಪಂದಕ್ಕೆ ಸಹಿ ಹಾಕಿದ್ದರು. ಆದರೆ ಒಳಾಡಳಿತ ಅವರಲ್ಲೇ ಉಳಿಯಿತು. ದಿವಾನ್ ಆರ್ಕಾಟ್ ರಾಮಸ್ವಾಮಿ ಮುದಲಿಯಾರರೂ ಮುಂದುವರಿದರು. ಸೆಪ್ಟೆಂಬರಿನಲ್ಲಿ ‘ಮೈಸೂರು ಚಲೋ’ ಚಳವಳಿ ಆರಂಭವಾಯಿತು. ನಾಯಕರು ಸೆರೆಮನೆ ಸೇರಿದರು, ವಿದ್ಯಾರ್ಥಿಗಳೂ ಕಾರ್ಮಿಕರೂ ಮುಷ್ಕರ ಹೂಡಿದರು. ಮೈಸೂರಿನಲ್ಲಿ ಗುಂಡೇಟಿಗೆ ಬಲಿಯಾದ ವಿದ್ಯಾರ್ಥಿ ರಾಮಸ್ವಾಮಿಯ ಹೆಸರಿನ ವೃತ್ತ ಅಲ್ಲಿ ಇಂದಿಗೂ ಇದೆ. ಅಕ್ಟೋಬರಿನಲ್ಲಿ ಅರಮನೆ ರಾಜಿಗೆ ಬಂತು. ಅದೇ ತಿಂಗಳಲ್ಲಿ ಕೆ.ಸಿ. ರೆಡ್ಡಿಯವರ ಮಂತ್ರಿಮಂಡಲ ಅಧಿಕಾರ ವಹಿಸಿಕೊಂಡಿತು.

ಇದನ್ನು ರಷ್ಯಾದೊಂದಿಗೆ ಹೋಲಿಸಿ ನೋಡೋಣ. ಅಲ್ಲಿಯೂ 1905ರಲ್ಲಿ ಮನವಿ ಹಿಡಿದು ಅರಮನೆಗೆ ಹೊರಟ ಕಾರ್ಮಿಕರ ಮೇಲೆ ಗುಂಡು ಹಾರಿತು. 1906ರಲ್ಲಿ ಡ್ಯೂಮಾ ಎಂಬ ಸಭೆ ಸೇರಿತು, ಆದರೆ ಚಕ್ರವರ್ತಿ ಎರಡನೇ ನಿಕೋಲಸ್ ಅದನ್ನು ಎರಡು ಸಲ ವಿಸರ್ಜಿಸಿದ. ಮಹಾಯುದ್ಧದ ಸೋಲುಗಳ ಹೊಣೆ 1915ರಲ್ಲಿ ತಾನೇ ಸೇನಾಧಿಪತಿಯಾದ ಆತನ ತಲೆಗೆ ಬಂತು. 1917ರ ಮಾರ್ಚಿನಲ್ಲಿ ರೊಟ್ಟಿಯಿಲ್ಲದೆ ರಾಜಧಾನಿಯ ಹೆಂಗಸರು ಬೀದಿಗಿಳಿದರು, ಅವರನ್ನು ಹತ್ತಿಕ್ಕಬೇಕಾದ ಸೈನಿಕರು ಜನರ ಜತೆ ಸೇರಿಕೊಂಡರು. ಚಕ್ರವರ್ತಿ ಪಟ್ಟ ಬಿಟ್ಟ. 1918ರ ಜುಲೈಯಲ್ಲಿ ಅವನನ್ನೂ ಅವನ ಕುಟುಂಬವನ್ನೂ ಕೊಂದುಹಾಕಿದರು.

ಕೇಳುವವರ ಮಾತಿಗೆ ಬೆಲೆ ಕೊಡದೆ ಹೋದದ್ದು ಎರಡೂ ಕಡೆಯ ಮುಖ್ಯ ಕಾರಣ. ಅಂತ್ಯ ಮಾತ್ರ ಬೇರೆ. ಮೈಸೂರಿನ ಮಹಾರಾಜರು ತಡವಾಗಿಯಾದರೂ ಮಣಿದರು. ಆಮೇಲೆ ರಾಜಪ್ರಮುಖರಾಗಿ, 1956ರಿಂದ ರಾಜ್ಯಪಾಲರಾಗಿ ಗೌರವದಿಂದ ಬಾಳಿದರು. ಬಿಟ್ಟುಕೊಡಲು ತಿಳಿದವರಿಗೆ ಜನರ ಪ್ರೀತಿ ಉಳಿಯಿತು. ಆದರೆ ಆ ತಡಕ್ಕೆ ಬೆಲೆ ತೆತ್ತವರು ರಾಮಸ್ವಾಮಿಯಂಥವರು ಎಂಬುದನ್ನು ನಾವು ಮರೆಯುವಂತಿಲ್ಲ.