ಬೇಕಾದ್ದನ್ನು ಕೇಳಿ ಪಡೆಯುವ ಕ್ಲಾಸ್

ಆನ್‌ಲೈನ್ ಅಂಗಡಿಯೊಂದರ ತಂತ್ರಾಂಶದಲ್ಲಿ ಆರ್ಡರ್ ನೋಡಿಕೊಳ್ಳುವ ಕ್ಲಾಸ್ ಒಂದಿದೆ ಎನ್ನೋಣ. ಅದು ಆರ್ಡರನ್ನು ಡೇಟಾಬೇಸಿಗೆ ಸೇರಿಸಬೇಕು, ಹಣ ಪಾವತಿ ಮಾಡಿಸಬೇಕು, ಗ್ರಾಹಕರಿಗೆ ಇಮೇಲ್ ಕಳಿಸಬೇಕು. ಇದಕ್ಕೆಲ್ಲ ಬೇಕಾದ ಆಬ್ಜೆಕ್ಟ್‌ಗಳನ್ನು ಕ್ಲಾಸ್ ತನ್ನೊಳಗೇ ಸೃಷ್ಟಿಸಿಕೊಂಡರೆ ಮೊದಮೊದಲು ಎಲ್ಲವೂ ಸಲೀಸು. ತೊಡಕು ಶುರುವಾಗುವುದು ಪರೀಕ್ಷೆಯ ಹೊತ್ತಿಗೆ. ಬಿಲ್ಲಿನ ಮೊತ್ತ ಸರಿಯಿದೆಯೇ ಎಂದಷ್ಟೇ ನೋಡಲು ಹೊರಟರೂ ನಿಜವಾದ ಡೇಟಾಬೇಸ್ ಚಾಲೂ ಇರಬೇಕು. ನಿಜವಾದ ಇಮೇಲ್ ಹೊರಟೇಬಿಡುತ್ತದೆ. ಇಮೇಲ್ ಬದಲು ಎಸ್ಸೆಮ್ಮೆಸ್ ಸಾಕೆಂದರೆ ಆರ್ಡರ್ ಕ್ಲಾಸನ್ನೇ ಬಿಚ್ಚಬೇಕು.

ಡಿಪೆಂಡೆನ್ಸಿ ಇಂಜೆಕ್ಷನ್ ಹೇಳುವ ಮದ್ದು ಸರಳ. ಕ್ಲಾಸ್ ತನಗೇನು ಬೇಕೆಂದು ಕನ್‌ಸ್ಟ್ರಕ್ಟರ್‌ನಲ್ಲಿ ಪಟ್ಟಿ ಕೊಟ್ಟು ಸುಮ್ಮನಿರುತ್ತದೆ. ಒದಗಿಸುವ ಹೊಣೆ ಹೊರಗಿನದು. ಪಟ್ಟಿಯಲ್ಲೂ ನಿರ್ದಿಷ್ಟ ಇಮೇಲ್ ಸೇವೆಯ ಹೆಸರಿರುವುದಿಲ್ಲ, ‘ಸಂದೇಶ ಕಳಿಸಬಲ್ಲದ್ದು’ ಎಂಬ ಇಂಟರ್‌ಫೇಸ್ ಇರುತ್ತದೆ. ಹಾಗಾಗಿ ವ್ಯಾಪಾರ ನಡೆಯುವಾಗ ಅಸಲಿ ಸೇವೆಯನ್ನೂ ಪರೀಕ್ಷೆಯಲ್ಲಿ ಕಳಿಸಿದಂತೆ ನಟಿಸುವ ನಕಲಿಯನ್ನೂ ಕೊಡಬಹುದು. ಆರ್ಡರ್ ಕ್ಲಾಸಿಗೆ ಎರಡೂ ಒಂದೇ.

ಡಿಪೆಂಡೆನ್ಸಿ ಇಂಜೆಕ್ಷನ್ ಎಂಬ ಹೆಸರನ್ನು ಚಾಲ್ತಿಗೆ ತಂದದ್ದು 2004ರ ಜನವರಿಯಲ್ಲಿ ಮಾರ್ಟಿನ್ ಫೌಲರ್ ಬರೆದ ಲೇಖನ. ವಿಚಾರ ಅದಕ್ಕಿಂತ ಹಳೆಯದು. ಜಾವಾದಲ್ಲಿ ದೊಡ್ಡ ವೆಬ್ ತಂತ್ರಾಂಶ ಕಟ್ಟುವ ಭಾರವನ್ನು ಇಳಿಸಲು ರಾಡ್ ಜಾನ್ಸನ್ 2002ರಲ್ಲಿ ತಮ್ಮ ಪುಸ್ತಕದೊಂದಿಗೆ ಕೊಟ್ಟ, ಇದೇ ವಿಚಾರವನ್ನು ಬಳಸಿದ ಕೋಡ್ ಬೆಳೆದು ಸ್ಪ್ರಿಂಗ್ ಫ್ರೇಮ್‌ವರ್ಕ್ ಆಯಿತು. ಅದರ 1.0 ಆವೃತ್ತಿ ಹೊರಬಂದದ್ದು 2004ರ ಮಾರ್ಚ್‌ನಲ್ಲಿ.

ನೂರಾರು ಕ್ಲಾಸ್‌ಗಳಿದ್ದಾಗ ಒಂದೊಂದಕ್ಕೂ ಕೈಯಾರೆ ಒದಗಿಸುತ್ತ ಕೂರಲಾದೀತೆ? ಅದಕ್ಕೇ ಸ್ಪ್ರಿಂಗ್, ಎಎಸ್‌ಪಿ ಡಾಟ್‌ನೆಟ್ ಕೋರ್, ಲಾರಾವೆಲ್ ಮುಂತಾದ ಫ್ರೇಮ್‌ವರ್ಕ್‌ಗಳಲ್ಲಿ ‘ಕಂಟೈನರ್’ ಇದೆ. ಪ್ರತಿ ಕ್ಲಾಸಿನ ಪಟ್ಟಿ ಓದಿ, ಬೇಕಾದ್ದನ್ನು ಸೃಷ್ಟಿಸಿ, ಜೋಡಿಸಿ ಕೊಡುವುದು ಅದರ ಕೆಲಸ.

ವೆಬ್‌ನಲ್ಲಿ ಆಬ್ಜೆಕ್ಟಿನ ಆಯಸ್ಸೂ ಮುಖ್ಯ. ಇಡೀ ಅಪ್ಲಿಕೇಶನ್‌ಗೆ ಒಂದೇ ಸಾಕಾದರೆ ಸಿಂಗಲ್‌ಟನ್. ಪ್ರತಿ ರಿಕ್ವೆಸ್ಟಿಗೆ ಒಂದೊಂದಾದರೆ ಡಾಟ್‌ನೆಟ್ ಮಂದಿಯ ಮಾತಿನಲ್ಲಿ ಸ್ಕೋಪ್ಡ್. ಕೇಳಿದಾಗಲೆಲ್ಲ ಹೊಸದಾದರೆ ಟ್ರಾನ್ಸಿಯೆಂಟ್. ಸ್ಪ್ರಿಂಗ್ ಬೇರೇನೂ ಹೇಳದಿದ್ದರೆ ಸಿಂಗಲ್‌ಟನ್ ಕೊಡುತ್ತದೆ. ಇದನ್ನು ಮರೆತು ಅಂಥ ಆಬ್ಜೆಕ್ಟಿನಲ್ಲಿ ಗ್ರಾಹಕರ ವಿವರ ಇಟ್ಟರೆ ಒಬ್ಬರ ಮಾಹಿತಿ ಇನ್ನೊಬ್ಬರ ಪರದೆಯಲ್ಲಿ ಕಾಣಿಸಿಕೊಳ್ಳಬಹುದು. ಒಬ್ಬರೇ ಕೂತು ಪರೀಕ್ಷಿಸುವಾಗ ಈ ದೋಷ ಸಿಗುವುದಿಲ್ಲ. ಹಲವರು ಒಟ್ಟಿಗೆ ಬಂದಾಗ ತಲೆ ಎತ್ತುತ್ತದೆ.

ನಾಲ್ಕೈದು ಕ್ಲಾಸ್‌ಗಳ ಪುಟ್ಟ ತಾಣಕ್ಕೆ ಕಂಟೈನರ್ ಬೇಡ. ಕನ್‌ಸ್ಟ್ರಕ್ಟರ್‌ಗೆ ಕೈಯಾರೆ ಕೊಟ್ಟರೂ ಅದು ಡಿಪೆಂಡೆನ್ಸಿ ಇಂಜೆಕ್ಷನ್ನೇ. ಇನ್ನು ಬೇಡಿಕೆಯ ಪಟ್ಟಿ ಎಂಟು ಹತ್ತಕ್ಕೆ ಏರಿತೆಂದರೆ ದೂರಬೇಕಾದದ್ದು ಈ ವಿಧಾನವನ್ನಲ್ಲ. ಆ ಕ್ಲಾಸ್ ಮೈತುಂಬ ಕೆಲಸ ಹೊತ್ತುಕೊಂಡಿದೆ. ಅದನ್ನು ಒಡೆದು ಎರಡು ಮಾಡಬೇಕು.