ಕಾಲಡಿಯ ಗೀರುಗಳು: ಹಂಪಿಯಲ್ಲೊಂದು ಹುಡುಕಾಟದ ನಡಿಗೆ

ಹಂಪಿಗೆ ಬಂದವರು ತಲೆ ಎತ್ತಿ ನೋಡ್ತಾರೆ: ಗೋಪುರ, ಕಂಬ, 6.7 ಮೀಟರ್ ಎತ್ತರದ ನರಸಿಂಹ. ಶಾಸನದ ಹುಚ್ಚು ಹಿಡಿದ ನಮ್ಮಂಥವರು ಹುಡುಕೋದು ಕೂಡ ನೆಟ್ಟಗೆ ನಿಂತ ಕಲ್ಲನ್ನೇ. ಈ ಸಲ ದರೋಜಿಯಿಂದ ಬೆಳಿಗ್ಗೆ ಬೇಗ ಹೊರಟ ನಮ್ಮ ತಂಡ, ಕಮಲಾಪುರದಿಂದ ನಡೆಯುವಾಗ ಒಂದೇ ನಿಯಮ ಮಾಡಿಕೊಂಡಿತ್ತು. ಸೊಂಟಕ್ಕಿಂತ ಮೇಲಿರುವ ಯಾವುದನ್ನೂ ಲೆಕ್ಕಕ್ಕೆ ಹಿಡಿಯೋ ಹಾಗಿಲ್ಲ.

ಮೊದಲು ಸಿಕ್ಕಿದ್ದು ಅರಮನೆ ಆವರಣದ ಮೆಟ್ಟಿಲು ಪುಷ್ಕರಣಿ. 1980ರ ದಶಕದ ಉತ್ಖನನದಲ್ಲಿ ಹೊರಬಂದದ್ದು. ಅದರ ಕರಿಕಲ್ಲುಗಳ ಮೇಲೆ ಕಲ್ಲುಕುಟಿಗರ ಗುರುತುಗಳಿವೆ: ಯಾವ ದಿಕ್ಕು, ಎಷ್ಟನೇ ಸಾಲು, ಆ ಸಾಲಲ್ಲಿ ಎಲ್ಲಿ ಕೂರಬೇಕು ಅಂತ. ರಾಜನ ಹೆಸರಿಲ್ಲ, ದಾನವಿಲ್ಲ, ಶಾಪಾಶಯವಿಲ್ಲ. ಆದರೂ ಇದು ಬರಹವೇ. ಕಲ್ಲುಗಳನ್ನು ಬೇರೆಡೆ ಕಡೆದು ತಂದು ಇಲ್ಲಿ ಜೋಡಿಸಿದ್ದಾರೆ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ. ನಾವು ಕೆಳಗಿಳಿಯದೆ ಕ್ಯಾಮೆರಾ ಜೂಮ್ ಮಾಡಿ ನೋಡಿದೆವು.

ವಿರೂಪಾಕ್ಷ ಗುಡಿಯ ರಂಗಮಂಟಪದ ಮುಂದೆ ಕೃಷ್ಣದೇವರಾಯನ ಪಟ್ಟಾಭಿಷೇಕ ಕಾಲದ 1510ರ ಶಾಸನ ನಿಂತಿದೆ. ಅದನ್ನು ದಾಟಿ ನೆಲ ನೋಡಿ. ಹಾಸುಗಲ್ಲಿನ ಮೇಲೆ ಸಾಷ್ಟಾಂಗ ಬಿದ್ದ ಭಕ್ತರ ರೇಖಾಚಿತ್ರಗಳು. ಚಾಚಿದ ಕೈ, ಮುಗಿದ ಬೆರಳು, ಅಷ್ಟೆ. ವಿಜಯನಗರ ಕಾಲದ ಗುಡಿಗಳಲ್ಲಿ ಇಂಥವು ಅಲ್ಲಲ್ಲಿ ಸಿಗುತ್ತವೆ; ಕೆಲವಕ್ಕೆ ಪಕ್ಕದಲ್ಲಿ ಹೆಸರೂ ಇರುತ್ತದೆ. ಬಂದು ಹೋಗುವ ಭಕ್ತರ ಪಾದಧೂಳಿ ತನ್ನ ಮೇಲೆ ಬೀಳಲಿ ಅನ್ನೋದು ಕೆತ್ತಿಸಿದವರ ಆಸೆ ಎಂದು ಸಾಮಾನ್ಯವಾಗಿ ವಿವರಿಸುತ್ತಾರೆ.

ತೊಡಕು ಇರೋದು ಅಲ್ಲೇ. ತುಳಿಯಲಿ ಅಂತಲೇ ಕೆತ್ತಿಸಿದ್ದನ್ನು ತುಳಿಯಬೇಡಿ ಅಂತ ಹೇಳೋದು ಹೇಗೆ? ತಂಡದಲ್ಲಿ ಇದರ ಮೇಲೆ ಜೋರಾಗಿ ಮಾತು ನಡೀತು. "ಸವೀಲಿ ಬಿಡ್ರಿ, ಅವನು ಬೇಡಿದ್ದೇ ಅದನ್ನಲ್ಲಾ" ಎಂದರು ಒಬ್ಬ ಹಿರಿಯರು. ನನಗೆ ಪೂರ್ತಿ ಒಪ್ಪಿಗೆಯಿಲ್ಲ. ನಡೆಯುವ ದಾರಿಗೆ ಹಗ್ಗ ಕಟ್ಟೋದು ಬೇಡ, ಸರಿ. ಆದರೆ ಅಕ್ಷರ ಅಳಿಯುವ ಮೊದಲು ಆ ಹೆಸರು ಒಂದು ಪಟ್ಟಿಗಾದರೂ ಸೇರಬೇಕು. ರಾಜರ ಶಾಸನಗಳಲ್ಲಿ ಇವರ ಹೆಸರು ಬರೋದಿಲ್ಲ. ಇವರಿಗಿರುವ ದಾಖಲೆ ಈ ಒಂದು ಕಲ್ಲು ಮಾತ್ರ.

ಮಂಟಪಗಳ ಜಗಲಿಯಲ್ಲೂ ಬರಿಬಂಡೆಯ ಮೇಲೂ ಆಟದ ಮನೆಗಳಿವೆ. ಆಡು-ಹುಲಿ, ಚೌಕಾಬಾರ, ಅಳಗುಳಿಮಣೆಯ ಕುಳಿಗಳು. ಚೌಕಾಬಾರದ ಗೀಟು ಕಂಡ ಕೂಡಲೇ ಕೆಲವರು 'ಯಂತ್ರ' ಅಂತಾರೆ. ಮಂತ್ರಾಕ್ಷರವಿಲ್ಲದೆ ಬರೀ ಮನೆಗಳೂ ಕಟ್ಟೆಗಳೂ ಇದ್ದರೆ ಅದು ಆಟವೇ. ಕಾಲ ಹೇಳೋದು ಮಾತ್ರ ಕಷ್ಟ. 1565ರ ನಂತರ ಇಲ್ಲಿ ಕುರಿ ಕಾಯುತ್ತ ಕೂತವರೂ ಗೀಚಿರಬಹುದು. ಎರಡು ಸುಳಿವು ನೋಡಬೇಕು. ಕಂಬದ ಬುಡ ಆಟದ ಮನೆಯ ಅಂಚನ್ನು ಮುಚ್ಚಿದ್ದರೆ ಆಟ ಹಳೆಯದು, ಕಂಬ ಹೊಸದು. ಗೋಡೆಯ ಕಲ್ಲಿನಲ್ಲಿ ನೆಟ್ಟಗೆ ನಿಂತ ಅಳಗುಳಿ ಕಂಡರೆ ಅದನ್ನು ಯಾರೂ ಆಡಿರಲಾರರು. ಕಲ್ಲೇ ಬೇರೆ ಕಡೆಯದು, ಮರುಬಳಕೆಯದು.

ತುಂಗಭದ್ರೆಯ ದಂಡೆಯ ಕೋಟಿಲಿಂಗದ ಹೊತ್ತಿಗೆ ಬಿಸಿಲು ಏರಿತ್ತು. ಬಂಡೆಯಲ್ಲೇ ಕಡೆದ 108 ಲಿಂಗ, ಇನ್ನೊಂದರಲ್ಲಿ 1008. ನಟ್ಟನಡು ಹಗಲಿನ ಬೆಳಕಲ್ಲಿ ತೆಳು ಗೀರು ಕಾಣೋದೇ ಇಲ್ಲ.

ನೀವು ಹೋಗೋದಾದರೆ ಸೂರ್ಯ ಓರೆಯಾಗಿರುವಾಗ ಹೋಗಿ, ಇಲ್ಲವೇ ಟಾರ್ಚನ್ನು ನೆಲಕ್ಕೆ ತಾಗಿಸಿ ಪಕ್ಕದಿಂದ ಬೆಳಕು ಬಿಡಿ. ಸೀಮೆಸುಣ್ಣ ಹಚ್ಚಬೇಡಿ, ಉಜ್ಜಿದಷ್ಟೂ ಕಲ್ಲು ಸವೆಯುತ್ತದೆ, ನೀವು ತಿದ್ದಿದ್ದನ್ನೇ ಮುಂದಿನವರು ಮೂಲ ಅಕ್ಷರ ಅಂತ ಓದ್ತಾರೆ. ಫೋಟೊದಲ್ಲಿ ಅಳತೆಪಟ್ಟಿ ಇರಲಿ, ಯಾವ ಕಂಬದಿಂದ ಎಷ್ಟನೇ ಹಾಸುಗಲ್ಲು ಎಂದು ಬರೆದುಕೊಳ್ಳಿ. ಪಕ್ಕದಲ್ಲಿ ಪ್ರವಾಸಿಗರು ಈಚೆಗೆ ಕೊರೆದ ಹೆಸರಿದ್ದರೆ ಅದನ್ನೂ ಫೋಟೊ ತೆಗೆಯಿರಿ. ಸಂರಕ್ಷಿತ ಸ್ಮಾರಕದ ಮೇಲೆ ಹಾಗೆ ಕೊರೆದರೆ ಎರಡು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಕೆಲವೊಮ್ಮೆ ಎರಡೂ.