ಕಡಲ ಮಗ್ಗುಲಿನ ಬರಸೀಮೆ: ವಿಯೆಟ್ನಾಮಿನ ನಿನ್ ಥುವಾನ್

ಕರಾವಳಿಯೆಂದರೆ ಧಾರಾಕಾರ ಮಳೆ, ತೆಂಗು, ಗದ್ದೆ ಎಂಬುದು ನಮ್ಮಲ್ಲಿ ಸಾಮಾನ್ಯ ಕಲ್ಪನೆ. ಆದರೆ ವಿಯೆಟ್ನಾಮಿನ ದಕ್ಷಿಣ-ಮಧ್ಯ ಕರಾವಳಿಯ ನಿನ್ ಥುವಾನ್ ಆ ದೇಶದಲ್ಲಿಯೇ ಅತಿ ಕಡಿಮೆ ಮಳೆ ಬೀಳುವ ಪ್ರದೇಶವಾಗಿದೆ. ಸುಮಾರು 3,350 ಚದರ ಕಿ.ಮೀ. ವಿಸ್ತಾರದ ಈ ಪ್ರಾಂತವನ್ನು 2025ರ ಜುಲೈ 1ರಿಂದ ನೆರೆಯ ಖಾನ್ ಹೋವಾ ಪ್ರಾಂತದಲ್ಲಿ ವಿಲೀನಗೊಳಿಸಲಾಗಿದೆ.

ಮಳೆ ಏಕೆ ಕಡಿಮೆ?

ಈ ಸೀಮೆಯ ಮೂರು ದಿಕ್ಕಿಗೂ ಬೆಟ್ಟಗಳು, ಪೂರ್ವಕ್ಕೆ ಸಮುದ್ರ. ನೈಋತ್ಯ ಮಾರುತಗಳು ತಮ್ಮ ತೇವವನ್ನು ಪಶ್ಚಿಮದ ಬೆಟ್ಟಗಳಲ್ಲೇ ಕಳೆದುಕೊಳ್ಳುತ್ತವೆ. ಹೀಗಾಗಿ ಫಾನ್ ರಾಂಗ್ ಬಯಲಿನಲ್ಲಿ ವರ್ಷಕ್ಕೆ ಬೀಳುವುದು ಸುಮಾರು 700-800 ಮಿ.ಮೀ. ಮಳೆ ಮಾತ್ರ. ಅದೂ ಬಹುಪಾಲು ಸೆಪ್ಟೆಂಬರಿನಿಂದ ನವೆಂಬರಿನೊಳಗೆ ಮುಗಿಯುತ್ತದೆ. ಉಳಿದ ತಿಂಗಳುಗಳಲ್ಲಿ ಬಿಸಿಲು ಮತ್ತು ಬಿರುಗಾಳಿ. ನಮ್ಮ ಬಯಲುಸೀಮೆಯ ರೈತರಿಗೆ ಇದು ಪರಿಚಿತ ಸ್ಥಿತಿಯೇ.

ಜನ ಮತ್ತು ಕಸುಬು

ಕಿನ್ ಜನರು ಬಹುಸಂಖ್ಯಾತರು. ಇವರು ಬೇಸಾಯ, ಮೀನುಗಾರಿಕೆ ಮತ್ತು ಉಪ್ಪಿನ ತಯಾರಿಕೆಯಲ್ಲಿ ತೊಡಗಿದ್ದಾರೆ. ಬೆಟ್ಟಗಳಲ್ಲಿ ರಗ್ಲಾಯ್ ಜನರು ಮುಸುಕಿನ ಜೋಳ ಬೆಳೆಯುತ್ತಾರೆ. ಬಯಲಿನ ಚಾಮ್ ಜನರು ಪ್ರಾಚೀನ ಚಂಪಾ ರಾಜ್ಯದ ವಂಶಸ್ಥರು. ಫಾನ್ ರಾಂಗ್ ಎಂಬ ಹೆಸರು 'ಪಾಂಡುರಂಗ' ಎಂಬ ಸಂಸ್ಕೃತ ಹೆಸರಿನಿಂದಲೇ ಬಂದಿದೆ. ಈ ಹೆಸರಿನ ಚಾಮ್ ಸಂಸ್ಥಾನವು 1832ರವರೆಗೂ ಉಳಿದಿತ್ತು. ಚಾಮ್ ಜನರಲ್ಲಿ ಶಿವಾರಾಧಕರೂ ಇದ್ದಾರೆ, ಇಸ್ಲಾಂ ಪ್ರಭಾವದ ಬಾನಿ ಪಂಥದವರೂ ಇದ್ದಾರೆ. ಚಾಮ್ ಮತ್ತು ರಗ್ಲಾಯ್ ಇಬ್ಬರಲ್ಲಿಯೂ ವಂಶಾವಳಿ ತಾಯಿಯ ಕಡೆಯಿಂದ ಸಾಗುತ್ತದೆ. ಬಾವ್ ತ್ರುಕ್ ಗ್ರಾಮದ ಚಾಮ್ ಹೆಂಗಸರು ತಿಗರಿಯಿಲ್ಲದೆ ಮಡಕೆ ಮಾಡುತ್ತಾರೆ. ಈ ಕಲೆಯನ್ನು 2022ರಲ್ಲಿ ಯುನೆಸ್ಕೋ ತುರ್ತು ಸಂರಕ್ಷಣೆಯ ಪಟ್ಟಿಗೆ ಸೇರಿಸಿತು.

ನೀರಿನ ವ್ಯವಸ್ಥೆ

ನಾ ತ್ರಿನ್ ಅಣೆಕಟ್ಟೆಯನ್ನು ಕಟ್ಟಿಸಿದವನು ರಾಜ ಪೋ ಕ್ಲೋಂಗ್ ಗರಾಯ್ ಎಂಬುದು ಚಾಮ್ ಜನರ ನಂಬಿಕೆ. ಆ ರಾಜನನ್ನು ಇಂದಿಗೂ ಗುಡಿಯಲ್ಲಿ ಪೂಜಿಸುತ್ತಾರೆ. ನೀರು ತಂದವನು ದೇವರಾದುದು ಬರಸೀಮೆಯಲ್ಲಿ ಆಶ್ಚರ್ಯವಲ್ಲ. 1964ರಲ್ಲಿ ಮುಗಿದ ದಾ ನ್ಹಿಮ್ ಜಲವಿದ್ಯುತ್ ಯೋಜನೆಯು ಮೇಲ್ನಾಡಿನ ನೀರನ್ನು ಬೆಟ್ಟ ದಾಟಿಸಿ ಈ ಬಯಲಿಗೆ ಇಳಿಸುತ್ತದೆ. ವಿದ್ಯುತ್ ಉತ್ಪಾದಿಸಿದ ನೀರೇ ನಾಲೆಗಳ ಮೂಲಕ ಗದ್ದೆಗಳನ್ನು ತಲುಪುತ್ತದೆ.

ಬೆಳೆ ಮತ್ತು ಜಾನುವಾರು

ನೀರಾವರಿಯಿರುವಲ್ಲಿ ಭತ್ತ. ಉಳಿದೆಡೆ ಚಪ್ಪರದ ದ್ರಾಕ್ಷಿ, ಮರಳು ನೆಲದಲ್ಲಿ ಬೆಳ್ಳುಳ್ಳಿ, ಈರುಳ್ಳಿ ಮತ್ತು ಲೋಳೆಸರ. ಒಣಹವೆಯಿಂದ ದ್ರಾಕ್ಷಿಗೂ ಉಪ್ಪಿನ ಮಡಿಗಳಿಗೂ ಅನುಕೂಲ. ಕುರಿ ಸಾಕಣೆಗೆ ವಿಯೆಟ್ನಾಮಿನಲ್ಲಿ ಈ ಸೀಮೆಯೇ ಪ್ರಸಿದ್ಧ. ಮರಳು ಭೂಮಿಯಲ್ಲಿ ಗಾಳಿ ತಡೆಯಲು ಬೇವನ್ನೂ ನೆಡಲಾಗಿದೆ.

ಗಮನಿಸಬೇಕಾದ ಅಂಶಗಳು

2015-16ರ ಬರದಲ್ಲಿ ಕೆರೆಗಳು ಬತ್ತಿ, ಅನೇಕ ಗದ್ದೆಗಳು ಬಿತ್ತನೆಯಿಲ್ಲದೆ ಉಳಿದವು. ಮೇವು, ನೀರು ಸಾಲದೆ ಕುರಿ ಮೇಕೆಗಳು ಸತ್ತವು. ಹಿಂಡು ಇದ್ದರಷ್ಟೇ ಸಾಲದು, ಬರಗಾಲಕ್ಕೆ ಮೇವಿನ ದಾಸ್ತಾನೂ ಬೇಕು ಎಂಬುದಕ್ಕೆ ಇದು ನಿದರ್ಶನ. ಕಡಲ ಸಮೀಪದ ಬಾವಿಗಳಿಂದ ಮಿತಿಮೀರಿ ನೀರೆತ್ತಿದರೆ ಉಪ್ಪುನೀರು ಒಳನುಗ್ಗುತ್ತದೆ, ಒಮ್ಮೆ ಕೆಟ್ಟ ಬಾವಿ ಬೇಗ ಸುಧಾರಿಸದು. ನೀರಿರುವಷ್ಟೇ ಭತ್ತ, ಉಳಿದ ಹೊಲಕ್ಕೆ ಕಡಿಮೆ ನೀರಿನ ಬೆಳೆ, ಜೊತೆಗೆ ಮೇವು: ಇದೇ ಅಲ್ಲಿಗೂ ಇಲ್ಲಿಗೂ ಸಲ್ಲುವ ಕ್ರಮ.